ಭೂಗೋಳದ ಪಾಠವೂ ಕಾಯಕದ ತತ್ತ್ವವೂ

ಒಂದು ದೇಶವನ್ನು ಅರಿಯುವುದೆಂದರೆ ಏನನ್ನು ಅರಿಯುವುದು? ಅದರ ನದಿ ಪರ್ವತಗಳ ಹೆಸರುಗಳನ್ನೋ, ಅಲ್ಲಿ ಬೆಳೆಯುವ ಧಾನ್ಯಗಳ, ದೊರೆಯುವ ಲೋಹಗಳ ಪಟ್ಟಿಯನ್ನೋ, ಅಥವಾ ಅಲ್ಲಿ ಬಾಳುವ ಮಾನವರ ಸುಖದುಃಖಗಳನ್ನೋ? ಈ ಪ್ರಶ್ನೆಯು ಮೇಲ್ನೋಟಕ್ಕೆ ಶಾಲೆಯ ಉಪಾಧ್ಯಾಯರಿಗೆ ಮಾತ್ರ ಸಂಬಂಧಿಸಿದುದೆಂದು ತೋರಬಹುದು. ಆದರೆ ವಿಚಾರಿಸಿ ನೋಡಿದರೆ ಇದು ಧರ್ಮದ ಪ್ರಶ್ನೆಯೇ ಆಗಿದೆ. ಪರರ ನೋವನ್ನು ಅರಿಯದ ಜ್ಞಾನವು ಜ್ಞಾನವೆನಿಸೀತೇ ಎಂಬುದು ಶರಣರು ತಮ್ಮ ಬಾಳಿನಿಂದಲೇ ಎತ್ತಿದ ಪ್ರಶ್ನೆಯಾಗಿತ್ತು. ಆದುದರಿಂದ ಮನೆಯಲ್ಲಿ ಮಕ್ಕಳನ್ನು ಓದಿಸುವ ಸದ್ಭಕ್ತರು ಇದನ್ನು ಕುರಿತು ಯೋಚಿಸುವುದು ಅವಶ್ಯವಾಗಿದೆ.

ಕೋಲಾರ ಚಿನ್ನದ ಗಣಿಯ ಪ್ರದೇಶದಲ್ಲಿನ ಒಂದು ಶಾಲೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಕಿಟಕಿಯಾಚೆ ಗಣಿಯ ಮಣ್ಣು ರಾಶಿಬಿದ್ದು ಬೆಟ್ಟವಾದ ಸೈನೈಡ್ ದಿಬ್ಬಗಳು ಕಾಣುತ್ತವೆ. ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ ಹೋಗುವ ರೈಲಿನಲ್ಲಿ ಬಂದ ಮಕ್ಕಳೂ ತರಗತಿಯಲ್ಲಿ ಕುಳಿತಿದ್ದಾರೆ. ಭೂಗೋಳದ ಪಾಠ ನಡೆದಿದೆ. ಉಪಾಧ್ಯಾಯರು ಗೋಡೆಯ ಭೂಪಟದಲ್ಲಿ ಚಿನ್ನ ದೊರೆತ ಸ್ಥಳಗಳನ್ನು ಕೋಲಿನಿಂದ ತೋರಿಸುತ್ತಾರೆ: ಇದು ಕೋಲಾರ, ಇದು ದಕ್ಷಿಣ ಆಫ್ರಿಕದ ವಿಟ್ವಾಟರ್ಸ್‌ರ‍್ಯಾಂಡ್, ಇದು ಸೈಬೀರಿಯದ ಪೂರ್ವಭಾಗದ ಕೊಲಿಮಾ. ಮೂರೂ ಕಡೆ ಒಂದೇ ಹಳದಿಯ ಚುಕ್ಕೆ. ಆಗ ಗಣಿಯಲ್ಲಿ ದುಡಿದ ತಾತನ ಮೊಮ್ಮಗನೊಬ್ಬನು ಎದ್ದು ನಿಂತು, "ಸಾರ್, ಅಲ್ಲಿ ಗಣಿಯೊಳಕ್ಕೆ ಇಳಿದವರು ಯಾರು?" ಎಂದು ಕೇಳುತ್ತಾನೆ.

ಪುಸ್ತಕದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಆದರೆ ಆ ಬಾಲಕನಿಗೆ ಅದು ಸಹಜವಾದ ಪ್ರಶ್ನೆ. ಚಾಂಪಿಯನ್ ರೀಫ್ ಗಣಿಯು ಭೂಮಿಯೊಳಗೆ 3 ಕಿಲೋಮೀಟರಿಗೂ ಮಿಗಿಲಾಗಿ ಇಳಿದುದನ್ನು, ಅಷ್ಟು ಆಳದಲ್ಲಿ ಬಂಡೆಯು ತನ್ನ ಒತ್ತಡಕ್ಕೆ ತಾನೇ ಸಿಡಿದು ಪ್ರಾಣ ತೆಗೆಯುತ್ತಿದ್ದುದನ್ನು ಅವನು ಮನೆಯಲ್ಲಿ ಕೇಳಿ ಬಲ್ಲನು. 2001ರಲ್ಲಿ ಗಣಿಗಳು ಮುಚ್ಚಿದ ಬಳಿಕ ಹುಟ್ಟಿದವನಾದರೂ, ಚಿನ್ನವೆಂದರೆ ಇಳಿದವರ ಉಸಿರು ಎಂಬುದು ಅವನ ಮನೆಯ ಪಾಠವಾಗಿದೆ.

ಕೊಲಿಮಾದಲ್ಲಿ ಇಳಿದವರು ಯಾರು? 1931ರಲ್ಲಿ ಸೋವಿಯತ್ ಸರ್ಕಾರವು ಆ ಹಿಮಪ್ರದೇಶದ ಚಿನ್ನವನ್ನು ತೆಗೆಯಲು ದಾಲ್‌ಸ್ಟ್ರಾಯ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಮಗದಾನ್ ಎಂಬ ರೇವಿಗೆ ಹಡಗುಗಳಲ್ಲಿ ಕೈದಿಗಳನ್ನು ತುಂಬಿ ತಂದರು. ಅವರಲ್ಲಿ ಕಳ್ಳರೂ ಇದ್ದರು, ಕೊಲೆಗಡುಕರೂ ಇದ್ದರು. ಆದರೆ ಒಂದು ಮಾತನ್ನು ಆಡಿದ ತಪ್ಪಿಗೆ, ಒಂದು ಕಾಗದವನ್ನು ಬರೆದ ತಪ್ಪಿಗೆ, ಏನೂ ಮಾಡದ ತಪ್ಪಿಗೆ ಹಿಡಿದು ತಂದ ಉಪಾಧ್ಯಾಯರು, ರೈತರು, ಕವಿಗಳು ಅಲ್ಲಿ ಅಸಂಖ್ಯರಾಗಿದ್ದರು. ಶೂನ್ಯಕ್ಕಿಂತ 50 ಡಿಗ್ರಿ ಕೆಳಗಿಳಿಯುವ ಚಳಿಯಲ್ಲಿ ಅವರು ಹೆಪ್ಪುಗಟ್ಟಿದ ನೆಲವನ್ನು ಅಗೆದರು. ನಿಯಮಿಸಿದಷ್ಟು ಕೆಲಸ ಮುಗಿಸದವನಿಗೆ ರೊಟ್ಟಿ ಕಡಿಮೆಯಾಗುತ್ತಿತ್ತು. ರೊಟ್ಟಿ ಕಡಿಮೆಯಾದವನು ಮರುದಿನ ಇನ್ನೂ ಕಡಿಮೆ ಅಗೆಯುತ್ತಿದ್ದನು. ಈ ಲೆಕ್ಕವು ಎಲ್ಲಿಗೆ ಹೋಗಿ ಮುಟ್ಟುವುದೆಂಬುದನ್ನು ಹೇಳಬೇಕಾಗಿಲ್ಲ. ವರ್ಲಾಂ ಶಲಾಮೊವ್ ಎಂಬ ಲೇಖಕನು 1937ರಲ್ಲಿ ಬಂಧಿತನಾಗಿ ಹಲವಾರು ವರ್ಷ ಅಲ್ಲಿ ಸವೆದು ಬದುಕಿ ಬಂದನು, ಕಂಡುದನ್ನು ಕಥೆಗಳಾಗಿ ಬರೆದನು. 1982ರಲ್ಲಿ ಅವನು ತೀರಿಕೊಳ್ಳುವವರೆಗೂ ಆ ಕಥೆಗಳು ಅವನ ನಾಡಿನಲ್ಲಿ ಪುಸ್ತಕವಾಗಿ ಅಚ್ಚಾಗಲಿಲ್ಲ.

ವಿಟ್ವಾಟರ್ಸ್‌ರ‍್ಯಾಂಡಿನ ಚುಕ್ಕೆಯ ಕೆಳಗೂ ಇಂತಹದೇ ಒಂದು ಕಥೆಯಿದೆ. ಅಲ್ಲಿ ಕಪ್ಪು ಜನರು ತಮ್ಮ ನಾಡಿನಲ್ಲಿಯೇ ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಪರವಾನಗಿಯ ಚೀಟಿಯನ್ನು ಹಿಡಿದಿರಬೇಕಾಗಿತ್ತು. ಆ ಕಾನೂನು ರದ್ದಾದುದು 1986ರಲ್ಲಿ. ಅವರಿಗೆ ಮತದ ಹಕ್ಕು ದೊರೆತು ಚುನಾವಣೆ ನಡೆದುದು 1994ರಲ್ಲಿ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಭೂಗೋಳವು ಭೂಮಿಯ ಶಾಸ್ತ್ರ. ಆಳುವವರ ನೀತಿ ಅನೀತಿಗಳು ಅದರ ವಿಷಯವಲ್ಲ. ಪರೀಕ್ಷೆ ಹತ್ತಿರವಾಗಿರುವಾಗ ಎಳೆಯ ಮಕ್ಕಳಿಗೆ ಕ್ರೌರ್ಯದ ಕಥೆಗಳೇಕೆ? ಎಂದು ತಂದೆತಾಯಿಗಳು ಕೇಳಬಹುದು. ಈ ಮಾತಿನಲ್ಲಿ ಮಕ್ಕಳ ಮೇಲಿನ ಮಮತೆಯಿದೆ, ಆದುದರಿಂದ ಅದನ್ನು ತಳ್ಳಿಹಾಕಲಾಗದು. ಆದರೆ ಸರ್ವಾಧಿಕಾರವು ಭೂಗೋಳವನ್ನು ಹಾಗೆ ಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ಸುಮಾರು ಅರ್ಧ ಶತಮಾನ ಕಾಲ ತಮ್ಮ ಇಲಾಖೆಯು ಜನರಿಗೆ ಕೊಟ್ಟ ಭೂಪಟಗಳು ಬೇಕೆಂದೇ ತಪ್ಪಾಗಿ ರಚಿಸಿದವುಗಳೆಂದು 1988ರಲ್ಲಿ ಸೋವಿಯತ್ ಭೂಪಟ ಇಲಾಖೆಯ ಮುಖ್ಯಸ್ಥರೇ ಒಪ್ಪಿಕೊಂಡರು. ನದಿಗಳನ್ನೂ ರಸ್ತೆಗಳನ್ನೂ ಇದ್ದ ಸ್ಥಳದಿಂದ ಸರಿಸಿ ತೋರಿಸಿದ್ದರು. ನದಿಯ ಜಾಗವನ್ನೇ ನಿಜವಾಗಿ ಹೇಳಲು ಅಂಜುವ ಆಳ್ವಿಕೆಯಲ್ಲಿ ಭೂಗೋಳ ಬೇರೆ ರಾಜನೀತಿ ಬೇರೆ ಎಂದು ಹೇಳುವುದು ಹೇಗೆ? ಸತ್ಯವು ಒಂದೆಡೆ ಮುರಿದರೆ ಎಲ್ಲೆಡೆಯೂ ಮುರಿಯುತ್ತದೆ.

ಅಲ್ಲದೆ ಶರಣಧರ್ಮದ ಮನೆಯಲ್ಲಿ ಬೆಳೆದ ಮಗುವಿಗೆ ಸ್ಥಳನಾಮಗಳನ್ನು ಅಂತಃಕರಣದಿಂದ ಓದುವ ರೀತಿಯು ಹೊಸದಲ್ಲ. ಬೀದರ ಜಿಲ್ಲೆಯ ಭೂಪಟದಲ್ಲಿ ಬಸವಕಲ್ಯಾಣವು ಒಂದು ಚುಕ್ಕೆ. ಆದರೆ ಭಕ್ತರಿಗೆ ಅದು ಚುಕ್ಕೆಯೇ? ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದ ಮಧುವರಸರ ಮಗಳಿಗೂ ವಿವಾಹವಾದುದಕ್ಕಾಗಿ ಆ ಇಬ್ಬರು ತಂದೆಗಳಿಗೆ ಬಿಜ್ಜಳನ ಆಳ್ವಿಕೆಯು ವಿಧಿಸಿದ ಘೋರ ಮರಣದಂಡನೆಯನ್ನು ಶರಣಪರಂಪರೆಯು ಇಂದಿಗೂ ಮರೆತಿಲ್ಲ. ಕಲ್ಯಾಣವನ್ನು ತೊರೆದ ಶರಣರು ಪಶ್ಚಿಮಘಟ್ಟದ ಕಾಡಿನ ಉಳವಿಗೆ ನಡೆದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಿಂದ ಉಳವಿಗೆ ಎಷ್ಟು ದೂರವೆಂದು ಭೂಗೋಳವು ಅಳೆದು ಹೇಳಬಲ್ಲುದು. ಆ ದಾರಿಯನ್ನು ಏಕೆ ನಡೆದರೆಂಬುದನ್ನು ಹೇಳದೆ ಹೋದರೆ ಆ ಅಳತೆಯಿಂದ ಆಗುವ ಪ್ರಯೋಜನವೇನು? ತನ್ನವರ ಕಲ್ಯಾಣಕ್ಕಾಗಿ ಮರುಗುವ ಮನಸ್ಸು ಅನ್ಯರ ಕೊಲಿಮಾಕ್ಕಾಗಿ ಮರುಗದಿದ್ದರೆ ಅದು ದಯೆಯಲ್ಲ, ಸ್ವಜನಪಕ್ಷಪಾತ.

ಇನ್ನು ಮುಖ್ಯವಾದ ವಿಚಾರಕ್ಕೆ ಬರಬೇಕು. ಸರ್ವಾಧಿಕಾರದಲ್ಲಿ ಕೆಟ್ಟದ್ದು ಯಾವುದು? ಕಷ್ಟದ ದುಡಿಮೆಯೇ? ಕೋಲಾರದ ಗಣಿಯಲ್ಲಿಯೂ ಕಷ್ಟವಿತ್ತು, ಅನ್ಯಾಯವೂ ಇತ್ತು. 1880ರಿಂದ ಗಣಿಗಳನ್ನು ನಡೆಸಿದುದು ಜಾನ್ ಟೇಲರ್ ಎಂಬ ಆಂಗ್ಲ ಕಂಪನಿ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಮೊದಲು ಹರಿದು ಬಂದುದು ಈ ಗಣಿಗಳಿಗೆ, ಕೂಲಿಕಾರರ ಗುಡಿಸಲುಗಳಿಗಲ್ಲ. ಇಳಿದವರಲ್ಲಿ ಬಹುಮಂದಿ ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಬಡವರು. ಆದರೂ ಒಂದು ವ್ಯತ್ಯಾಸವಿದೆ. 1930ರಲ್ಲಿ ಕೂಲಿಕಾರರೆಲ್ಲರ ಬೆರಳಚ್ಚನ್ನು ತೆಗೆದು ದಾಖಲಿಸುವ ಏರ್ಪಾಡು ಬಂದಾಗ, ತಮ್ಮನ್ನು ಅಪರಾಧಿಗಳಂತೆ ಕಾಣುವ ಕ್ರಮವಿದೆಂದು ಅವರು ಮುಷ್ಕರ ಹೂಡಿದರು. ಓದುಬರಹವಿಲ್ಲದ ಸಹಸ್ರಾರು ಮಂದಿ ಒಂದಾಗಿ "ಒಲ್ಲೆವು" ಎಂದರು. ಪರರ ಆಳ್ವಿಕೆಯಲ್ಲಿಯೂ ಹಾಗೆ ಹೇಳಿ ಬದುಕಿ ಉಳಿಯುವ ಒಂದು ಸಣ್ಣ ಸಂದು ಅಲ್ಲಿ ಉಳಿದಿತ್ತು. ಕೊಲಿಮಾದಲ್ಲಿ ಆ ಸಂದನ್ನೂ ಮುಚ್ಚಿದ್ದರು. ಒಲ್ಲೆನೆಂಬ ಮಾತಿಗೆ ಅಲ್ಲಿ ಗುಂಡೇ ಉತ್ತರ.

ಕಾಯಕದ ತತ್ತ್ವವು ಇಲ್ಲಿಯೇ ಬೆಳಗುತ್ತದೆ. ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಆದರೆ ಎಲ್ಲ ದುಡಿಮೆಯನ್ನೂ ಕಾಯಕವೆಂದು ಕರೆಯಲಿಲ್ಲ. ತನ್ನ ಇಚ್ಛೆಯಿಂದ ಕೈಕೊಂಡು, ಸತ್ಯಶುದ್ಧವಾಗಿ ನಡೆಸಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸುವ ದುಡಿಮೆಯೇ ಕಾಯಕ. ಅಂಜಿಸಿ ಮಾಡಿಸಿದ ದುಡಿಮೆಯಲ್ಲಿ ಕೈ ಇದೆ, ಮನವಿಲ್ಲ. ಮನವಿಲ್ಲದಲ್ಲಿ ಅರ್ಪಣೆಯಿಲ್ಲ. ಸೋವಿಯತ್ ಶಿಬಿರಗಳ ಬಾಗಿಲುಗಳ ಮೇಲೆ ದುಡಿಮೆಯನ್ನು ಕೊಂಡಾಡುವ ಘೋಷಣೆಗಳನ್ನು ಬರೆಯಿಸಿದ್ದರೆಂಬುದು ಮರೆಯಬಾರದ ಸಂಗತಿ. ದುಡಿಮೆಯ ಸ್ತುತಿಯು ದುಡಿಸುವವನ ಬಾಯಲ್ಲಿ ಮಾತ್ರ ಉಳಿದಾಗ ಅದು ಸರಪಳಿಯಾಗುತ್ತದೆ. ತನ್ನ ಅಂಗಡಿಯ ಆಳಿಗೆ, ತನ್ನ ಹೊಲದ ಕೂಲಿಗೆ ಸಲ್ಲತಕ್ಕುದನ್ನು ಸಲ್ಲಿಸದೆ ಕಾಯಕದ ಮಹಿಮೆಯನ್ನು ಬೋಧಿಸುವ ಗೃಹಸ್ಥನು, ತಾನು ಯಾವ ಬಾಗಿಲಿನ ಕೆಳಗೆ ನಿಂತಿರುವೆನೆಂಬುದನ್ನು ತಲೆಯೆತ್ತಿ ಓದಿಕೊಳ್ಳಬೇಕಾಗಿದೆ.

ಸರ್ವಾಧಿಕಾರದಲ್ಲಿ ಶಿಸ್ತಿದೆ, ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ನೂರು ಬಾಯಿಗಳ ಗದ್ದಲಕ್ಕಿಂತ ಒಂದು ಬಾಯಿಯ ಆಜ್ಞೆ ಮೇಲು ಎಂದು ಹೇಳುವವರು ಎಲ್ಲ ಕಾಲದಲ್ಲಿಯೂ ಉಂಟು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಭಾರತದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗಲೂ ಈ ಮಾತು ಬಹಳ ಕೇಳಿಬಂದಿತು. ಆ ಕಾಲದಲ್ಲಿ ಪತ್ರಿಕೆಗಳ ಬಾಯಿ ಕಟ್ಟಿತ್ತು. ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ ಮೊದಲಾದವರು ವಿಚಾರಣೆಯಿಲ್ಲದೆ ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಅದು ಇಂದು ಫ್ರೀಡಂ ಪಾರ್ಕ್ ಎಂಬ ಉದ್ಯಾನ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಮಗುವಿಗೆ ಅದನ್ನು ತೋರಿಸಬಹುದು. ಸರ್ವಾಧಿಕಾರವು ಸೈಬೀರಿಯದ ಹಿಮದಲ್ಲಿ ಮಾತ್ರ ಬೆಳೆಯುವ ಗಿಡವಲ್ಲವೆಂಬುದು ಆಗ ಅದಕ್ಕೆ ತಿಳಿಯುತ್ತದೆ. ಜನರ ಮತದಿಂದಲೇ ಆ ಕಾಲವು ಕೊನೆಗೊಂಡಿತೆಂಬುದೂ ತಿಳಿಯುತ್ತದೆ.

ಶಿಸ್ತಿನ ವಾದಕ್ಕೆ ಶರಣರ ಉತ್ತರವು ಅನುಭವಮಂಟಪ. ಅಲ್ಲಿ ಗದ್ದಲವಿರಲಿಲ್ಲ, ಆದರೆ ಮೌನವನ್ನು ಹೇರಿಯೂ ಇರಲಿಲ್ಲ. ಮಂತ್ರಿಯಾದ ಬಸವಣ್ಣನವರ ಎದುರಿಗೆ ಅಂಬಿಗನೂ ಮಾತನಾಡಿದನು, ಮಡಿವಾಳನೂ ಮಾತನಾಡಿದನು, ಹೆಂಗಸರೂ ಮಾತನಾಡಿದರು. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುಗಳು ಬಸವಣ್ಣನವರನ್ನೇ ಪ್ರಶ್ನಿಸಿದರು. ಪ್ರಶ್ನೆಯಿಂದ ಭಕ್ತಿಯು ಕುಂದಲಿಲ್ಲ, ಪುಟವಿಟ್ಟ ಚಿನ್ನದಂತೆ ಹೊಳೆಯಿತು.

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಅರಿಯದ ಭಕ್ತರಿಲ್ಲ. ಪತಿಯಾದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಮಿಗಿಲಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಆ ಮಹಾತಾಯಿ ಹೇಳಿದರು. ಮಾರಯ್ಯನವರು ಕೋಪಗೊಳ್ಳಲಿಲ್ಲ, ಮಾತನ್ನು ಮನ್ನಿಸಿದರು. ಹೆಂಡತಿಯ ಮಾತಿಗೆ ಗಂಡನು ತಿದ್ದಿಕೊಂಡ ಆ ಗುಡಿಸಲು ಸರ್ವಾಧಿಕಾರಿಗಳ ಅರಮನೆಗಳಿಗಿಂತ ದೊಡ್ಡದಾಗಿತ್ತು. ಇಂದಿನ ನಮ್ಮ ಮನೆಗಳಲ್ಲಿ ಹಾಗಿದೆಯೇ? ಯಜಮಾನನು ಬಂದೊಡನೆ ನಗು ನಿಂತುಹೋಗುವ ಮನೆಗಳಿವೆ. ಸೊಸೆಯು ತನಗೆ ಹಸಿವೆಂದು ಹೇಳಲು ಅಂಜುವ ಮನೆಗಳಿವೆ. ಅಲ್ಲಿ ಬೆಳೆದ ಮಗುವು ಸರ್ವಾಧಿಕಾರವೆಂದರೇನೆಂಬುದನ್ನು ಭೂಗೋಳದ ತರಗತಿಗೆ ಬರುವ ಮುನ್ನವೇ ಕಲಿತಿರುತ್ತದೆ. ಕಲಿತಿರದುದು ಒಂದೇ, ಅದು ತಪ್ಪು ಎಂಬುದು.

ಆ ತರಗತಿಗೆ ಮರಳಿ ನೋಡಿದರೆ, ಬಾಲಕನು ಇನ್ನೂ ನಿಂತೇ ಇದ್ದಾನೆ. ಉಪಾಧ್ಯಾಯರಿಗೆ ಎರಡು ದಾರಿಗಳಿವೆ. "ಕುಳಿತುಕೋ, ಅದು ಪಾಠದಲ್ಲಿಲ್ಲ" ಎಂದು ಗದರಿದರೆ, ಅವರು ಬಾಯಿಂದ ಕಲಿಸದ ಸರ್ವಾಧಿಕಾರವನ್ನು ನಡತೆಯಿಂದ ಕಲಿಸಿದಂತಾಗುತ್ತದೆ. ಕೋಲನ್ನು ಕೆಳಗಿಟ್ಟು, "ಒಳ್ಳೆಯ ಪ್ರಶ್ನೆ, ನನಗೆ ತಿಳಿದಷ್ಟು ಹೇಳುತ್ತೇನೆ, ಉಳಿದುದನ್ನು ಹುಡುಕಿ ನಾಳೆ ಹೇಳುತ್ತೇನೆ" ಎಂದರೆ, ಅಂದಿನ ಪಾಠವು ಅಲ್ಲಿಗೇ ಸಾರ್ಥಕವಾಯಿತು. ಕೇಳಿದವನನ್ನು ದಂಡಿಸದೆ ಉತ್ತರಿಸುವ ಹಿರಿಯರೊಬ್ಬರನ್ನು ಕಂಡ ಮಗುವು, ಮುಂದೆ ಯಾವ ಅಧಿಕಾರದ ಎದುರಿಗೂ ಸುಲಭವಾಗಿ ತಲೆಬಾಗದು.

ಆದುದರಿಂದ ಸದ್ಭಕ್ತರು ಸಂಜೆ ಮಕ್ಕಳ ಭೂಗೋಳದ ಪುಸ್ತಕವನ್ನು ತೆರೆದು ಕುಳಿತಾಗ, ಯಾವ ದೇಶದ ಹೆಸರು ಬಂದರೂ ಇನ್ನೊಂದು ಪ್ರಶ್ನೆಯನ್ನು ಸೇರಿಸಲಿ: ಅಲ್ಲಿನ ಬಡವನು ಅಂಜದೆ ಮಾತನಾಡಬಲ್ಲನೇ? ಬಳಿಕ ಪುಸ್ತಕವನ್ನು ಮುಚ್ಚಿ, ದನಿ ತಗ್ಗಿಸಿ, ಅದೇ ಪ್ರಶ್ನೆಯನ್ನು ತಮ್ಮ ಮನೆಯ ವಿಷಯದಲ್ಲಿಯೂ ಕೇಳಿಕೊಳ್ಳಲಿ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ತಾವಲ್ಲ, ಮನೆಯ ಮಂದಿ. ಅವರು ಅಂಜದೆ ಉತ್ತರಿಸಿದ ದಿನ ಆ ಮನೆಯು ಅನುಭವಮಂಟಪದ ಒಂದು ಕಂಬವಾಗುತ್ತದೆ.