ಕುರುಬನಿಲ್ಲದ ಊರಿಗೆ ಬಂದ ಭಿಕ್ಷುಕ

1687ರಲ್ಲಿ ಸಿಲೋನಿನ ಜಾಫ್ನಾ ಪಟ್ಟಣದಲ್ಲಿ ಬಡಕಲು ದೇಹದ ಒಬ್ಬ ಭಿಕ್ಷುಕ ಮನೆಯಿಂದ ಮನೆಗೆ ಅಲೆಯುತ್ತಿದ್ದ. ಅವನ ಕೊರಳಲ್ಲಿ ಜಪಸರವೊಂದು ಎದ್ದು ಕಾಣುವಂತೆ ತೂಗುತ್ತಿತ್ತು. ಬೇಡುತ್ತಿದ್ದುದು ಹೊಟ್ಟೆಪಾಡಿಗೂ ಹೌದು. ಆದರೆ ಅವನ ಗಮನವೆಲ್ಲ ಬಾಗಿಲು ತೆರೆದವರ ಮುಖದ ಮೇಲಿತ್ತು. ಜಪಸರ ಕಂಡು ಯಾರ ಮುಖ ಅರಳುತ್ತದೆ, ಯಾರು ಗಾಬರಿಯಾಗಿ ಆಚೀಚೆ ನೋಡುತ್ತಾರೆ ಎಂದು ಅವನು ಕಾಯುತ್ತಿದ್ದ.

ಆ ಗಾಬರಿಗೆ ಕಾರಣವಿತ್ತು. 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ದ್ವೀಪದಿಂದ ಹೊರಗಟ್ಟಿ ಕರಾವಳಿಯನ್ನು ಹಿಡಿದಿದ್ದರು. ಕ್ಯಾಥೊಲಿಕ್ ಗುರುಗಳು ಕಾಲಿಡಕೂಡದು, ಅವರಿಗೆ ಆಶ್ರಯ ಕೊಟ್ಟವರಿಗೆ ಘೋರ ಶಿಕ್ಷೆ ಎಂದು ಕಟ್ಟಳೆ ಮಾಡಿದ್ದರು. ಸುಮಾರು ಮೂವತ್ತು ವರ್ಷ, ಅಂದರೆ ಒಂದು ಇಡೀ ತಲೆಮಾರು, ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಬೆಳೆದಿತ್ತು. ಅಂಥವರನ್ನು ಹುಡುಕಿಕೊಂಡು ಬಂದಿದ್ದ ಆ ಭಿಕ್ಷುಕ ಗೋವೆಯ ಕೊಂಕಣಿ ಗುರು, ಫಾದರ್ ಜೋಸೆಫ್ ವಾಜ್.

ದೇವರ ಮೇಲೆ ಭಾರ ಹಾಕುವುದು ಎಂಬ ಮಾತನ್ನು ನಾವೆಲ್ಲ ದಿನಕ್ಕೆ ಹತ್ತು ಸಲ ಆಡುತ್ತೇವೆ. ವೀಸಾ ನವೀಕರಣವಾಗದಿದ್ದಾಗ ಆಡುತ್ತೇವೆ, ಊರಿನಿಂದ ಅವೇಳೆಯಲ್ಲಿ ಫೋನ್ ಬಂದಾಗ ಆಡುತ್ತೇವೆ. ಭಾರ ಹಾಕಿದ ಮೇಲೆ ಮನುಷ್ಯ ಮಾಡಬೇಕಾದದ್ದೇನು ಎಂದು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ವಾಜರ ಬದುಕು. ಅವರು ನಮ್ಮ ಕರಾವಳಿಯಲ್ಲಿ ನಡೆದಾಡಿದವರು ಎಂಬುದು ಈ ಸಂಚಿಕೆಯ ಓದುಗರಲ್ಲಿ ಅನೇಕರಿಗೆ ಹೊಸ ವಿಷಯವಿರಬಹುದು.

1651ರಲ್ಲಿ ಗೋವೆಯ ಬೆಣಾಳಿಯಲ್ಲಿ ಹುಟ್ಟಿದ ವಾಜರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಅವರನ್ನು ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ, ಕಳಿಸಲಾಯಿತು. ಆಗ ಅಲ್ಲಿ ಕೆಳದಿ ಚೆನ್ನಮ್ಮಾಜಿಯ ಆಳ್ವಿಕೆ. ಶಿವಪ್ಪ ನಾಯಕನ ಕಾಲದಲ್ಲಿ ಪೋರ್ಚುಗೀಸರ ಕೋಟೆಗಳು ಬಿದ್ದ ಮೇಲೆ ಕರಾವಳಿಯ ಕ್ರೈಸ್ತರಿಗೂ ಗುರುಗಳ ಅಭಾವವಾಗಿತ್ತು. ವಾಜರು ಮಂಗಳೂರು, ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಗಂಗೊಳ್ಳಿ ಎಂದು ಕಾಲ್ನಡಿಗೆಯಲ್ಲೇ ತಿರುಗಿ ಚದುರಿದ ಮಂದೆಯನ್ನು ಕೂಡಿಸಿದರು. ಮಂಗಳೂರಿನ ಆಚೆ ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರು ಚಿಮ್ಮಿತೆಂದು ಜನ ನಂಬುತ್ತಾರೆ. ಅಲ್ಲಿಯ ಪುಣ್ಯಕ್ಷೇತ್ರಕ್ಕೆ ಇಂದಿಗೂ ಹರಕೆ ಹೊತ್ತು ಹೋಗುತ್ತಾರೆ, ಕ್ರೈಸ್ತರಲ್ಲದವರೂ ಹೋಗುತ್ತಾರೆ.

ಕೆನರಾದಲ್ಲಿ ಅವರಿಗೆ ಎದುರಾದ ದೊಡ್ಡ ಕಷ್ಟ ಧರ್ಮಸಭೆಯ ಒಳಗಿನದೇ. ಗೋವೆಯ ಆರ್ಚ್‌ಬಿಷಪರ ಪೀಠ ಪೋರ್ಚುಗಲ್ ರಾಜನ ಹಕ್ಕಿನ ಹೆಸರಲ್ಲಿ ಈ ಪ್ರದೇಶ ತನ್ನದೆನ್ನುತ್ತಿತ್ತು. ರೋಮ್ ನೇರವಾಗಿ ನೇಮಿಸಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೊ ಇದು ತಮ್ಮ ವ್ಯಾಪ್ತಿ ಎನ್ನುತ್ತಿದ್ದರು. ಇಬ್ಬರ ನಡುವೆ ಸಿಕ್ಕಿದ ಜನಕ್ಕೆ ಯಾವ ಗುರುವಿನ ಸಂಸ್ಕಾರ ಸಲ್ಲುತ್ತದೆ ಎಂಬುದೇ ತಿಳಿಯದಾಯಿತು. ಮದುವೆಯಾದವರಿಗೆ ತಮ್ಮ ಮದುವೆ ಊರ್ಜಿತವೋ ಅಲ್ಲವೋ ಎಂಬ ಆತಂಕ. ವಾಜರು ಗೋವೆಯಿಂದ ನೇಮಕಗೊಂಡು ಬಂದವರಾದರೂ ಬಿಷಪರ ಮೇಲೆ ಜನರನ್ನು ಎತ್ತಿಕಟ್ಟಲಿಲ್ಲ. ಅವರೊಡನೆ ವಿನಯದಿಂದ ಮಾತಾಡಿ, ಸಂಸ್ಕಾರಗಳು ನಿಲ್ಲದಂತೆ ನೋಡಿಕೊಂಡರು. ಪವಾಡಗಳ ಕಥೆಗಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಇದು. ಹಿರಿಯರ ಜಗಳದಲ್ಲಿ ಮಂದೆ ಉಪವಾಸ ಬೀಳಬಾರದು ಎಂದು ತಿಳಿದವನೇ ನಿಜವಾದ ಕುರುಬ.

ಕೆನರಾದಿಂದ ಗೋವೆಗೆ ಮರಳಿದರೂ, ಸಿಲೋನಿನ ಕ್ರೈಸ್ತರ ಸ್ಥಿತಿ ಕಿವಿಗೆ ಬಿದ್ದ ಮೇಲೆ ಅವರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಜುವಾಂವ್ ಎಂಬ ಸೇವಕನೊಬ್ಬನನ್ನು ಕರೆದುಕೊಂಡು, ಕೂಲಿಯವನ ವೇಷದಲ್ಲಿ, ಬರಿಗಾಲಲ್ಲಿ ಹೊರಟು ತೂತುಕುಡಿ ಸೇರಿ ಸಮುದ್ರ ದಾಟಿದರು. ಜಾಫ್ನಾಕ್ಕೆ ಬರುವಷ್ಟರಲ್ಲಿ ಆಮಶಂಕೆಯಿಂದ ನಿತ್ರಾಣರಾಗಿದ್ದರು. ರೋಗ ಹರಡೀತೆಂಬ ಭಯಕ್ಕೆ ಯಾರೂ ಮನೆಗೆ ಸೇರಿಸಲಿಲ್ಲ. ಹೆಂಗಸೊಬ್ಬಳು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆ ತಾಯಿಗೆ ಅವರು ಗುರುವೆಂದು ಗೊತ್ತಿದ್ದಿರಲಾರದು. ಮಂದೆಯನ್ನು ಕಾಯಲು ಬಂದವರನ್ನು ಮೊದಲು ಕಾದದ್ದು ಗುರುತಿಲ್ಲದ ಒಂದು ಕೈ. ದೈವಾನುಗ್ರಹವೆಂದರೆ ಹೆಚ್ಚಿನ ಸಲ ಹೀಗೆಯೇ, ಗಂಜಿಯ ರೂಪದಲ್ಲಿ ಬರುತ್ತದೆ ಎಂದು ನಾನು ನಂಬಿದ್ದೇನೆ.

ಕೊನೆಗೂ ಜಪಸರದ ಗುರುತು ಫಲಿಸಿತು. ಜಾಫ್ನಾದ ಬಳಿಯ ಸಿಲ್ಲಾಲೆ ಎಂಬ ಹಳ್ಳಿಯ ಕ್ಯಾಥೊಲಿಕರು ಅವರನ್ನು ಬಚ್ಚಿಟ್ಟುಕೊಂಡರು. ಹಗಲೆಲ್ಲ ಅಡಗಿದ್ದು ರಾತ್ರಿ ಹೊತ್ತು ಪೂಜೆ, ಜ್ಞಾನಸ್ನಾನ, ಮದುವೆ, ಸಾಯುವವರ ಬಳಿ ಅಂತಿಮ ಪ್ರಾರ್ಥನೆ. ಸುಮಾರು ಹತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಒಂದು ಊರು ಬಿಟ್ಟರೆ ಮತ್ತೆ ಅಲ್ಲಿಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಆ ಅವಧಿಯಲ್ಲಿ ಊರಿನ ಗತಿಯೇನು?

ಇದಕ್ಕೆ ಅವರು ಕಂಡುಕೊಂಡ ದಾರಿ ಸಾಮಾನ್ಯರ ಮೇಲೆ ಭರವಸೆಯಿಡುವುದು. ಪ್ರತಿ ಊರಿನಲ್ಲೂ ಮೂಪ್ಪನೊಬ್ಬ, ಅಣ್ಣಾವಿಯೊಬ್ಬ. ಮೂಪ್ಪ ಊರಿನ ಕ್ರೈಸ್ತರ ಹಿರಿಯ. ಅಣ್ಣಾವಿ ಪ್ರಾರ್ಥನೆ ನಡೆಸುವವ, ಮಕ್ಕಳಿಗೆ ಧರ್ಮೋಪದೇಶ ಮಾಡುವವ. ಓದುಬರಹ ಅಷ್ಟಕ್ಕಷ್ಟೇ ಇರುವ ರೈತ, ಬೆಸ್ತ ಇಂಥವರ ಕೈಗೆ ವಾಜರು ಮಂದೆಯನ್ನು ಒಪ್ಪಿಸಿ ಮುಂದಿನ ಊರಿಗೆ ನಡೆದರು. ತಾನಿಲ್ಲದಿದ್ದರೆ ಎಲ್ಲವೂ ಕುಸಿದುಬೀಳುತ್ತದೆ ಎಂದುಕೊಳ್ಳುವವರಿಗೆ ದೇವರಲ್ಲಿ ಪೂರ್ತಿ ಭರವಸೆಯಿಲ್ಲ ಎಂದೇ ನನಗನ್ನಿಸುತ್ತದೆ. ವಾಜರಿಗೆ ಆ ಭರವಸೆ ಇತ್ತು. ಜೊತೆಗೆ ದುಡಿಮೆಯೂ ಇತ್ತು: ತಮಿಳು ಕಲಿತರು, ಸಿಂಹಳ ಕಲಿತರು, ಪ್ರಾರ್ಥನೆಗಳನ್ನು ಜನರ ಭಾಷೆಗೆ ತಂದರು.

1692ರಲ್ಲಿ ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯನ ರಾಜಧಾನಿ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಗೂಢಚಾರನೆಂದು ಯಾರೋ ದೂರು ಕೊಟ್ಟು ಸೆರೆಮನೆ ಪಾಲಾದರು. ಅಲ್ಲಿಯೇ ಸಿಂಹಳ ಅಭ್ಯಾಸ, ಅಲ್ಲಿಯೇ ಗುಡಿಸಲಿನಂಥ ಪೂಜಾಸ್ಥಳ. ಮುಂದೊಂದು ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಸುರಿಯಿತೆಂಬ ಪ್ರತೀತಿ ಕ್ಯಾಂಡಿಯಲ್ಲಿ ಗಟ್ಟಿಯಾಗಿ ಉಳಿದಿದೆ. 1697ರಲ್ಲಿ ಸಿಡುಬು ಬಂದು ಜನ ಊರು ಬಿಟ್ಟು ಓಡಿದಾಗ, ಬಂಧುಗಳೇ ಬಿಟ್ಟುಹೋದ ರೋಗಿಗಳನ್ನು ವಾಜರೂ ಗೋವೆಯಿಂದ ಬಂದು ಸೇರಿದ್ದ ಫಾದರ್ ಜೋಸೆಫ್ ಕಾರ್ವಾಲ್ಯೊ ಅವರೂ ಆರೈಕೆ ಮಾಡಿದರು. ಕೀವು ಒರೆಸಿದರು, ಊಟ ಮಾಡಿಸಿದರು, ಸತ್ತವರನ್ನು ಹೂಳಿದರು. ಯಾರ ಮತ ಯಾವುದೆಂದು ನೋಡಲಿಲ್ಲ. ರಾಜನ ಮನಸ್ಸನ್ನು ಗೆದ್ದದ್ದು ಇದು. ಮುಂದೆ ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ವಾಜರು ಒಲ್ಲೆನೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಸಿಲೋನಿಗೆ ಬಂದ ಮೇಲೆ ಗೋವೆಗೆ ಅವರು ಮರಳಲೇ ಇಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಅವರನ್ನು ಸಂತರೆಂದು ಸಾರಿದರು.

ಕೊಲ್ಲಿ ನಾಡಿಗೆ ಬಂದ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರಿಗೆ ಈ ಕಥೆ ದೂರದ್ದಲ್ಲ. ಕುವೈತ್, ಬಹರೈನ್, ಕತಾರುಗಳಲ್ಲಿ ನಮಗೆ ಚರ್ಚುಗಳಿವೆ, ಪೂಜೆಗೆ ಅವಕಾಶವಿದೆ. ಆ ಔದಾರ್ಯಕ್ಕೆ ಎಷ್ಟು ಕೃತಜ್ಞರಾದರೂ ಸಾಲದು. ಆದರೆ ಗುರುಗಳು ಬೆರಳೆಣಿಕೆ, ಮಂದಿ ಸಾವಿರಾರು. ಶುಕ್ರವಾರ ಒಂದರ ಹಿಂದೊಂದು ಭಾಷೆಯ ಪೂಜೆ. ಒಂದು ಗುಂಪು ಹೊರಬರುವಾಗಲೇ ಇನ್ನೊಂದು ಗುಂಪು ಬಾಗಿಲಲ್ಲಿ. ಅಂಥ ಕಡೆ ವಿಶ್ವಾಸವನ್ನು ಕಾಯುತ್ತಿರುವವರು ನಮ್ಮ ಅಣ್ಣಾವಿಗಳೇ. ವಾರವಿಡೀ ಅಕೌಂಟ್ಸ್ ನೋಡಿ, ರಜೆಯ ದಿನ ಮಕ್ಕಳಿಗೆ ಧರ್ಮೋಪದೇಶ ಮಾಡುವ ಅಣ್ಣಂದಿರು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಗಾಯನವೃಂದಕ್ಕೆ ಬರುವ ನರ್ಸ್ ಅಕ್ಕಂದಿರು. ಊರಿನಲ್ಲಿ ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಮುಖಂಡರಾದ ಗುರ್ಕಾರರು ಮಾಡುವ ಕೆಲಸವನ್ನೇ ಇವರು ಇಲ್ಲಿ ಬಿರುದಿಲ್ಲದೆ ಮಾಡುತ್ತಾರೆ.

ಮನೆಗಳಲ್ಲೂ ಅಷ್ಟೆ. ಸಂಜೆ ಏಳರ ಹೊತ್ತಿಗೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಟಿವಿ ಆರಿಸಿ, ಶೋಕೇಸಿನ ಮೇಲಿನ ಪುಟ್ಟ ಆಲ್ತಾರಿನ ಮುಂದೆ ಮೇಣದ ಬತ್ತಿ ಹಚ್ಚಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಶುರುವಾಗುತ್ತದೆ. ಜಪಸರದ ಐದನೆಯ ದಶಕದ ಹೊತ್ತಿಗೆ ಚಿಕ್ಕವನ ತಲೆ ಅಮ್ಮನ ತೊಡೆಗೆ ವಾಲುತ್ತದೆ. ಮುಗಿದ ಮೇಲೆ ಮೊಬೈಲಿನ ಪರದೆಯಲ್ಲಿ ಊರಿನ ಅಜ್ಜಿಗೆ ಕೈಮುಗಿದು ‘ಬೆಸಾಂವ್’ ಕೇಳುವುದು, ಅಜ್ಜಿ ಅಲ್ಲಿಂದಲೇ ಕೈಯೆತ್ತಿ ಹರಸುವುದು. ಕೆಲಸ ಹೋದ ತಿಂಗಳಿನಲ್ಲೂ ಈ ಕ್ರಮ ತಪ್ಪದ ಮನೆಗಳನ್ನು ನಾನು ಬಲ್ಲೆ. ಅವರು ಮರುದಿನ ಬೆಳಿಗ್ಗೆ ಬಯೋಡೇಟಾ ಹಿಡಿದು ಕಂಪನಿಯಿಂದ ಕಂಪನಿಗೆ ಅಲೆದವರೂ ಹೌದು.

ಚರ್ಚಿನ ಗೇಟಿನವರೆಗೂ ಬರಲಾಗದವರು ಇನ್ನೂ ಇದ್ದಾರೆ. ವಾರದ ರಜೆಯನ್ನೇ ಕಾಣದ ಮನೆಗೆಲಸದ ಹೆಣ್ಣುಮಕ್ಕಳು, ಊರಾಚೆಯ ಲೇಬರ್ ಕ್ಯಾಂಪಿನಲ್ಲಿರುವ ಹುಡುಗರು, ಆಸ್ಪತ್ರೆಯಲ್ಲಿ ಕಾಲು ಮುರಿದುಕೊಂಡು ಒಬ್ಬರೇ ಮಲಗಿದ ಡ್ರೈವರುಗಳು. ಅವರಲ್ಲಿ ನಮ್ಮ ಭಾಷೆ ಆಡುವವರು ಎಷ್ಟೋ ಮಂದಿ. ಕ್ರೈಸ್ತರೂ ಇದ್ದಾರೆ, ಅಲ್ಲದವರೂ ಇದ್ದಾರೆ. ಫಾದರ್ ಒಬ್ಬರಿಂದ ಅಷ್ಟೂ ಕಡೆ ಹೋಗಲಾಗದು. ನಮ್ಮ ಸಂಘದಲ್ಲಿ ಕಾರು ಇರುವವರಿದ್ದಾರೆ, ಶುಕ್ರವಾರ ಸಂಜೆ ಬಿಡುವಿರುವವರಿದ್ದಾರೆ, ಕುಚ್ಚಲಕ್ಕಿ ಗಂಜಿ, ಚಟ್ನಿ ಮಾಡಿ ಡಬ್ಬಿಗೆ ಹಾಕಿಕೊಡಬಲ್ಲ ತಾಯಂದಿರಿದ್ದಾರೆ. ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಆ ವಾರದಿಂದಲೇ ಇಬ್ಬಿಬ್ಬರಂತೆ ಜೊತೆಯಾಗಿ ಈ ಭೇಟಿಗಳನ್ನು ಶುರುಮಾಡೋಣ. ಬರಲು ಒಪ್ಪುವವರು ಸಂಘದ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ. ನನ್ನ ಹೆಸರನ್ನು ಈಗಾಗಲೇ ಕೊಟ್ಟಿದ್ದೇನೆ.