ಹರಕೆ ತೀರಿಸುವ ದಿನ ಯಾವುದು?

ಹರಕೆ ಷರತ್ತಿನ ಮಾತು. ಕಾಯಿಲೆ ವಾಸಿಯಾದರೆ ಮುಡಿ ಕೊಡುತ್ತೇವೆ, ದೇವಿಗೆ ಸೀರೆ ಉಡಿಸುತ್ತೇವೆ ಎಂದು ಮುಡಿಪು ಕಟ್ಟಿಟ್ಟವರು ವಾಸಿಯಾದ ಮೇಲೆ ಅದನ್ನು ಒಪ್ಪಿಸುತ್ತಾರೆ. ಮಧುಗಿರಿಯ ದಂಡಿನ ಮಾರಮ್ಮನಿಗಾಗಲಿ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿಗಾಗಲಿ ಹೊರುವ ಹರಕೆಯ ಕ್ರಮ ಇದೇ. ಬಂದು ಹೋಗುವ ಜ್ವರಕ್ಕೆ ಇದರಲ್ಲಿ ತೊಡಕಿಲ್ಲ. ಸಿಎಂಎಲ್ ಎಂಬ ದೀರ್ಘಕಾಲದ ರಕ್ತಕ್ಯಾನ್ಸರಿನಲ್ಲಿ ಮಾತ್ರ ವಾಸಿಯಾಯಿತು ಎಂದು ಹೇಳುವ ದಿನವೇ ಸಾಮಾನ್ಯವಾಗಿ ಬರುವುದಿಲ್ಲ.

ಈ ಕಾಯಿಲೆಯಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿ, ಬಿಳಿ ರಕ್ತಕಣಗಳನ್ನು ಮಿತಿಮೀರಿ ಬೆಳೆಸುವ ಪ್ರೋಟೀನೊಂದು ಹುಟ್ಟುತ್ತದೆ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮ್ಯಾಟಿನಿಬ್ ಮಾತ್ರೆ ಅದನ್ನೇ ತಡೆಯುತ್ತದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಮಾತ್ರೆಗಾಗಿ ನೊವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು ನಿರಾಕರಿಸಿದ್ದರಿಂದ ಅಗ್ಗದ ದೇಶೀ ಮಾತ್ರೆಗಳು ಉಳಿದುಕೊಂಡವು. ಔಷಧಿ ಚೆನ್ನಾಗಿ ಹಿಡಿದವರ ಆಯುಸ್ಸು ಬಹುಮಟ್ಟಿಗೆ ಉಳಿದವರಷ್ಟೇ. ಆದರೂ ರಕ್ತಪರೀಕ್ಷೆ ರೋಗ ಕಾಣುತ್ತಿಲ್ಲ ಎನ್ನಬಲ್ಲದೇ ಹೊರತು ಇಲ್ಲ ಎನ್ನಲಾರದು. ಫ್ರಾನ್ಸಿನ ಸ್ಟಿಮ್ ಅಧ್ಯಯನದಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ರೋಗದ ಸುಳಿವಿಲ್ಲದಿದ್ದವರು ಮಾತ್ರೆ ನಿಲ್ಲಿಸಿದಾಗ ಶೇ. 40ರಷ್ಟು ಮಂದಿಯಲ್ಲಿ ಮಾತ್ರ ಅದು ಮರಳಲಿಲ್ಲ. ಮರಳಿದ್ದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಮಾತ್ರೆ ಮತ್ತೆ ಶುರು ಮಾಡಿದರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ.

ಹರಕೆ ಹೊತ್ತವರ ಇಕ್ಕಟ್ಟು ಇಲ್ಲಿದೆ. ಈಗಲೇ ತೀರಿಸಿದರೆ ಆಗದ್ದನ್ನು ಆಯಿತೆಂದು ದೇವರೆದುರು ಸಾರಿದಂತೆ. ತಡಮಾಡಿದರೆ ತಪ್ಪುಕಾಣಿಕೆ ಕಟ್ಟಬೇಕಾದೀತೆಂಬ ಅಳುಕು. ರೋಗ ಮರುಕಳಿಸಿದರಂತೂ ಮರೆತ ಹರಕೆಯೇ ಕಾರಣವೆಂದು ಮನೆಯವರೇ ಅಂದುಬಿಡಬಹುದು.

ಪಾವಗಡದ ಶನಿಮಹಾತ್ಮನ ಭಕ್ತರಿಗೆ ಪರಿಚಿತವಾದ ಸಾಡೇಸಾತಿಯಲ್ಲಿ ಈ ಕಷ್ಟವಿಲ್ಲ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನದು, ತಲಾ ಎರಡೂವರೆ ವರ್ಷ: ಏಳೂವರೆ ವರ್ಷಕ್ಕೆ ಶನಿ ಬಿಡುತ್ತಾನೆ. ನೋವು ಎಷ್ಟೇ ಇರಲಿ, ಪಂಚಾಂಗ ನೋಡಿ ಅದರ ಕೊನೆಯನ್ನು ಎಣಿಸಬಹುದು. ಪ್ರಾರಬ್ಧ ಕರ್ಮದ ವಿವರಣೆಗೆ ಈ ಅನುಕೂಲವೂ ಇಲ್ಲ. ಕಾಯಿಲೆ ಏಕೆ ಬಂತೆಂಬುದಕ್ಕೆ ಅದು ಉತ್ತರ ಕೊಡುತ್ತದೆ; ಮುಂದಿನ ವರದಿಗಾಗಿ ಕಾಯುವವರಿಗೆ ಅದರಿಂದ ಸಿಗುವುದು ಕಡಿಮೆ, ಮೇಲಾಗಿ ರೋಗಿಯ ಮೇಲೇ ತಪ್ಪು ಹೊರಿಸುತ್ತದೆ. ಈ ವರ್ಣತಂತು ದೋಷವಾದರೋ ಹೆತ್ತವರಿಂದ ಬಂದದ್ದಲ್ಲ, ಹೆಚ್ಚಿನವರಲ್ಲಿ ಕಾರಣವೇ ತಿಳಿಯದು. ಫಲದ ಹಂಗಿಲ್ಲದೆ ಕರ್ಮ ಮಾಡುವ ಗೀತೆಯ ದಾರಿ ದಿನವೂ ಮಾತ್ರೆ ನುಂಗುವ ಬದುಕಿಗೆ ಇದಕ್ಕಿಂತ ಹತ್ತಿರ. ವಾಸಿಯಾದರೆ ಎಂಬ ಷರತ್ತನ್ನು ಬಿಟ್ಟು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಸೇವೆ ಸಲ್ಲಿಸುವುದೂ ಅದೇ ಜಾಡಿನದು.

ಶಿರಾದಂಥ ಊರಿನ ಮುಸ್ಲಿಮರಿಗೆ ವಾಸಿಯಾಯಿತೇ ಎಂಬ ಇದೇ ಪ್ರಶ್ನೆ ರಂಜಾನ್‌ನಲ್ಲಿ ಬೇರೆ ರೂಪದಲ್ಲಿ ಏಳುತ್ತದೆ. ಇಮ್ಯಾಟಿನಿಬ್ಬನ್ನು ಊಟದೊಂದಿಗೆ, ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕು. ದಿನಕ್ಕೊಮ್ಮೆಯಾದರೆ ವೈದ್ಯರು ಒಪ್ಪಿದಲ್ಲಿ ಇಫ್ತಾರ್‌ನಲ್ಲಿ ಸಾಧ್ಯ. ಉಪವಾಸ ತಾಳಲಾರದವರಿಗೆ ಧರ್ಮಶಾಸ್ತ್ರ ಎರಡು ದಾರಿ ಕೊಟ್ಟಿದೆ. ಗುಣವಾಗುವ ಭರವಸೆಯಿದ್ದರೆ ತಪ್ಪಿದ ದಿನಗಳನ್ನು ಮುಂದೆ ಪೂರೈಸಬೇಕು. ಇಲ್ಲದಿದ್ದರೆ ದಿನಕ್ಕೊಬ್ಬ ಬಡವರಿಗೆ ಊಟ ಕೊಡುವ ಫಿದ್ಯಾ. ರೋಗ ಕಾಣದಂತಾದರೂ ಮಾತ್ರೆ ಬಿಡದವರು ಇವೆರಡರಲ್ಲಿ ಯಾವ ಸಾಲಿಗೆ ಸೇರುತ್ತಾರೆಂಬುದನ್ನು, ಆ ವರ್ಷದ ಅವರ ಬಲ ನೋಡಿ, ವೈದ್ಯರೂ ಮೌಲ್ವಿಗಳೂ ಹೇಳಬೇಕಾಗುತ್ತದೆ.