ಕಂಡವನ ಮಾತು: ಕ್ರೈಸ್ತ ಸಾಕ್ಷಿಯ ನಿತ್ಯದ ನೆಲೆ

ಕನ್ನಡದ ಕ್ರೈಸ್ತ ಸಭೆಗಳಲ್ಲಿ ಪದೇ ಪದೇ ಕಿವಿಗೆ ಬೀಳುವ ಪದಗಳಲ್ಲಿ ‘ಸಾಕ್ಷಿ’ ಎಂಬುದು ಒಂದು. ಆರಾಧನೆಯ ನಡುವೆ ಎದ್ದು ನಿಂತು ತನ್ನ ಬದುಕಿನಲ್ಲಿ ದೇವರು ನಡೆಸಿದ ಕಾರ್ಯವನ್ನು ವಿವರಿಸುವುದನ್ನು ‘ಸಾಕ್ಷಿ ಹೇಳುವುದು’ ಎನ್ನುತ್ತಾರೆ. ವಿಶ್ವಾಸಿಯೊಬ್ಬನ ನಡತೆ ಹದಗೆಟ್ಟಾಗ ‘ಅವನ ಸಾಕ್ಷಿ ಚೆನ್ನಾಗಿಲ್ಲ’ ಎಂದೂ ಅನ್ನುತ್ತಾರೆ. ಮಾತಿಗೂ ನಡತೆಗೂ ಒಂದೇ ಪದ ಸಲ್ಲುವುದು ಆಕಸ್ಮಿಕವಲ್ಲ. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಸಾಕ್ಷಿಯನ್ನು ‘ಮಾರ್ತುಸ್’ ಎನ್ನುತ್ತಾರೆ. ಅದು ಮೊದಲಿಗೆ ನ್ಯಾಯಸ್ಥಾನದ ಪದವಾಗಿದ್ದು, ತಾನು ಕಂಡದ್ದನ್ನು ಕಂಡ ಹಾಗೆ ಹೇಳುವವನು ಎಂಬಷ್ಟೇ ಅರ್ಥವನ್ನು ಹೊಂದಿತ್ತು. ಮುಂದೆ, ಹೇಳಿದ ಮಾತಿನಿಂದ ಹಿಂದೆ ಸರಿಯದೆ ಪ್ರಾಣ ಕೊಟ್ಟವರಿಗೂ ಅದೇ ಹೆಸರು ನಿಂತು, ಕನ್ನಡದಲ್ಲಿ ‘ರಕ್ತಸಾಕ್ಷಿ’ ಎಂಬ ಪದ ಬಳಕೆಗೆ ಬಂತು. ನ್ಯಾಯಸ್ಥಾನದ ಈ ಮೂಲವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಎರಡು ಸಂಗತಿಗಳು ತಾವಾಗಿ ಹೊರಡುತ್ತವೆ. ತಾನು ಕಾಣದ್ದನ್ನು ಸಾಕ್ಷಿಯು ಹೇಳುವಂತಿಲ್ಲ; ಹಾಗೆಯೇ, ಸಾಕ್ಷಿ ಹೇಳಿದ ಮೇಲೆ ತೀರ್ಪನ್ನೂ ತಾನೇ ಬರೆಯುವಂತಿಲ್ಲ. ನಿತ್ಯದ ಬದುಕಿನಲ್ಲಿ ಕ್ರೈಸ್ತ ವಿಶ್ವಾಸವನ್ನು ಬಾಳುವುದು ಹೇಗೆ, ಅದನ್ನು ಇತರರೊಂದಿಗೆ ಹಂಚಿಕೊಳ್ಳುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಉತ್ತರವನ್ನು ಈ ಎರಡು ಎಲ್ಲೆಗಳ ನಡುವೆಯೇ ಹುಡುಕಬೇಕಾಗುತ್ತದೆ.

ಪ್ರಶ್ನೆ ಸರಳವಾಗಿಲ್ಲ ಎಂಬುದಕ್ಕೆ ಮತ್ತಾಯನ ಸುವಾರ್ತೆಯಲ್ಲಿರುವ ಪರ್ವತ ಪ್ರಸಂಗವೇ ನಿದರ್ಶನ. ಅದರ ಐದನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಲೋಕಕ್ಕೆ ಉಪ್ಪೆಂದೂ ಬೆಳಕೆಂದೂ ಕರೆದು, ಅವರ ಒಳ್ಳೆಯ ಕೆಲಸಗಳು ಜನರ ಕಣ್ಣಿಗೆ ಬೀಳಬೇಕು, ಅವನ್ನು ಕಂಡವರು ದೇವರನ್ನು ಕೊಂಡಾಡಬೇಕು ಎಂದು ಬೋಧಿಸುತ್ತಾನೆ. ಅದೇ ಪ್ರಸಂಗದ ಆರನೆಯ ಅಧ್ಯಾಯ ಆರಂಭವಾಗುವುದೇ ಜನರಿಗೆ ಕಾಣಲೆಂದು ಧರ್ಮಕಾರ್ಯ ಮಾಡಬೇಡಿ ಎಂಬ ಎಚ್ಚರಿಕೆಯಿಂದ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಮರೆಯಲ್ಲಿ ನಡೆಸಬೇಕೆಂಬ ಆಜ್ಞೆ ಅಲ್ಲಿದೆ. ಕಾಣಿಸಬೇಕೋ, ಮರೆಸಬೇಕೋ? ವ್ಯಾಖ್ಯಾನಕಾರರು ಈ ತೊಡಕನ್ನು ಹಲವು ಬಗೆಯಲ್ಲಿ ಬಿಡಿಸಿದ್ದಾರೆ. ಅವುಗಳಲ್ಲಿ ಹೆಚ್ಚು ಒಪ್ಪಿತವಾಗುವುದು ಪ್ರಸಂಗದ ಒಳಗೇ ಸಿಗುವ ಪರಿಹಾರ. ಮರೆಸಬೇಕೆಂದು ಹೇಳಿರುವುದು ಕರ್ತೃವಿಗೆ ಹೊಗಳಿಕೆ ತರುವ ಭಕ್ತಿಯ ಆಚರಣೆಗಳನ್ನು. ಕಾಣಬೇಕೆಂದು ಹೇಳಿರುವುದು ನೆರೆಯವನಿಗೆ ಉಪಯೋಗಕ್ಕೆ ಬರುವ ಕೆಲಸವನ್ನು. ಉಪ್ಪಿನ ಹೋಲಿಕೆ ಇದನ್ನು ಇನ್ನಷ್ಟು ಹತ್ತಿರದಿಂದ ತೋರಿಸುತ್ತದೆ. ಗಂಜಿಗೆ ಹಾಕಿದ ಉಪ್ಪು ಕರಗಿ ಕಣ್ಣಿಗೆ ಕಾಣದಾಗುತ್ತದೆ. ಉಣ್ಣುವವರಲ್ಲಿ ಯಾರೂ ‘ಉಪ್ಪು ಇದೆ’ ಎಂದು ಹೇಳುವುದಿಲ್ಲ, ಗಂಜಿ ರುಚಿಯಾಗಿದೆ ಎನ್ನುತ್ತಾರೆ. ಉಪ್ಪು ತಪ್ಪಿದ ದಿನ ಮಾತ್ರ ಮೊದಲ ತುತ್ತಿಗೇ ಅದರ ಹೆಸರು ಬರುತ್ತದೆ.

ಹೀಗೆಂದ ಮಾತ್ರಕ್ಕೆ ಮೌನವೇ ಸಾಕು, ಬಾಯಿ ತೆರೆಯುವ ಅಗತ್ಯವೇ ಇಲ್ಲ ಎಂಬ ನಿಲುವಿಗೆ ಬರುವುದು ತಪ್ಪಾಗುತ್ತದೆ. ಪದಗಳಿಲ್ಲದೆ ಬದುಕಿನಿಂದಲೇ ಸುವಾರ್ತೆ ಸಾರಬೇಕೆಂಬ ಮಾತನ್ನು ಅಸಿಸಿಯ ಫ್ರಾನ್ಸಿಸನ ಹೆಸರಿನಲ್ಲಿ ಹೇಳುವ ರೂಢಿ ಬಹಳ ಇದೆಯಾದರೂ ಆತನ ಬರಹಗಳಲ್ಲಿ ಅಂಥ ವಾಕ್ಯ ಇಲ್ಲ. ಆತ ನಿಜವಾಗಿ ಬರೆಸಿದ್ದು ಇದಕ್ಕಿಂತ ತೂಕದ್ದು. ಕ್ರೈಸ್ತರಿಗೂ ಮುಸ್ಲಿಮರಿಗೂ ಧರ್ಮಯುದ್ಧ ನಡೆಯುತ್ತಿದ್ದ 1219ರಲ್ಲಿ ಫ್ರಾನ್ಸಿಸ್ ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್ ಕಾಮಿಲನನ್ನು ಭೇಟಿಯಾಗಿ ಬಂದ. ಎರಡು ವರ್ಷಗಳ ತರುವಾಯ ರೂಪುಗೊಂಡ ತನ್ನ ಸಂಘದ ನಿಯಮಾವಳಿಯಲ್ಲಿ, ಅನ್ಯಧರ್ಮೀಯರ ನಡುವೆ ಇರಲು ಹೋಗುವ ಸಹೋದರರಿಗೆ ಎರಡು ದಾರಿಗಳನ್ನು ತೋರಿಸಿದ. ವಾದ ವಿವಾದಗಳಿಗೆ ಇಳಿಯದೆ ಎಲ್ಲರಿಗೂ ಅಧೀನರಾಗಿ ನಡೆದುಕೊಂಡು ತಾವು ಕ್ರೈಸ್ತರೆಂಬುದನ್ನು ಮಾತ್ರ ಒಪ್ಪಿಕೊಳ್ಳುವುದು ಒಂದು. ದೇವರ ಚಿತ್ತವೆಂದು ಕಂಡಾಗ ವಾಕ್ಯವನ್ನು ಸಾರುವುದು ಇನ್ನೊಂದು. ಪೇತ್ರನ ಮೊದಲ ಪತ್ರಿಕೆಯಲ್ಲಿ ಬರುವ ಸಲಹೆಯೂ ಇದಕ್ಕೆ ಹತ್ತಿರವಾಗಿದೆ. ಏಷ್ಯಾ ಮೈನರಿನಲ್ಲಿ ಚದುರಿಹೋಗಿದ್ದ ಸಣ್ಣ ಸಣ್ಣ ಸಭೆಗಳನ್ನು ಉದ್ದೇಶಿಸಿದ ಆ ಪತ್ರಿಕೆ, ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಆ ಉತ್ತರ ಸಾತ್ವಿಕವಾಗಿರಲಿ, ಗೌರವದಿಂದ ಕೂಡಿರಲಿ ಎಂದು ವಿಧಿಸುತ್ತದೆ. ಇಲ್ಲಿ ಮಾತು ಎರಡನೆಯದು, ಪ್ರಶ್ನೆ ಮೊದಲನೆಯದು. ನೋಡಿದವರ ಮನಸ್ಸಿನಲ್ಲಿ ಯಾವ ಪ್ರಶ್ನೆಯನ್ನೂ ಹುಟ್ಟಿಸದ ಬದುಕು ಎಷ್ಟೇ ಉತ್ತರಗಳನ್ನು ಹೊತ್ತು ಬೀದಿಗೆ ಬಂದರೂ ಅದು ಸಾಕ್ಷಿಯಾಗುವುದಿಲ್ಲ.

ಅಂಥ ಪ್ರಶ್ನೆ ಹುಟ್ಟುವ ಸ್ಥಳ ದೇವಾಲಯವಲ್ಲ, ದುಡಿಮೆಯ ಜಾಗ. ಪೌಲನು ಕೊರಿಂಥ ನಗರದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಗಳ ಜೊತೆ ಗುಡಾರ ಹೊಲಿಯುತ್ತ ಬೋಧಿಸಿದನೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಯಾರಿಗೂ ಹೊರೆಯಾಗಬಾರದೆಂದು ಹಗಲಿರುಳು ದುಡಿದುದಾಗಿ ಆತನೇ ಥೆಸಲೋನಿಕದವರಿಗೆ ಬರೆದಿದ್ದಾನೆ. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ‘ದೈವದ ಕರೆ’ ಎಂಬ ಪದವನ್ನು ಸನ್ಯಾಸಿಗಳ ಮಠದಿಂದ ಬಿಡಿಸಿ ತಂದು, ಚಮ್ಮಾರನ ಅಂಗಡಿಗೂ ದಾದಿಯ ತೊಟ್ಟಿಲಿಗೂ ಅನ್ವಯಿಸಿದ. ಕಾಯಕದ ತತ್ವವನ್ನು ಹನ್ನೆರಡನೆಯ ಶತಮಾನದಲ್ಲೇ ಕಂಡ ನಾಡಿನ ಓದುಗರಿಗೆ ಇದು ಹೊಸದಾಗಿ ತೋರಲಾರದು. ಎರಡೂ ಒಂದೇ ಎನ್ನುವುದು ಸರಿಯಲ್ಲ. ಶರಣರಲ್ಲಿ ದುಡಿಮೆ ದಾಸೋಹಕ್ಕೆ ಸಲ್ಲುವ ಪೂಜೆಯಾದರೆ, ಲೂಥರನಲ್ಲಿ ಅದು ಈಗಾಗಲೇ ದೊರೆತ ಕೃಪೆಗೆ ನೆರೆಯವನ ಮೂಲಕ ಸಲ್ಲಿಸುವ ಕೃತಜ್ಞತೆ. ಆದರೂ ಕೈಯ ಕೆಲಸದಲ್ಲಿ ದೇವರನ್ನು ಕಂಡ ಎರಡು ಪರಂಪರೆಗಳು ಕನ್ನಡದ ನೆಲದಲ್ಲಿ ಒಂದಕ್ಕೊಂದು ಎದುರಾದದ್ದು ಈ ನಾಡಿನ ಭಾಗ್ಯವೇ ಸರಿ.

ಆ ಎದುರಾಗುವಿಕೆ ಕರಾವಳಿಯಲ್ಲಿ ನಡೆಯಿತು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಈ ಮಿಷನ್ನಿನವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ರೈತ ಮತ್ತು ಕುಶಲಕರ್ಮಿ ಕುಟುಂಬಗಳಿಂದ ಬಂದವರು. ತತ್ವದ ತರ್ಕಕ್ಕಿಂತ ಹೃದಯದ ಪರಿವರ್ತನೆಗೂ ಶಿಸ್ತಿನ ಬದುಕಿಗೂ ಒತ್ತು ಕೊಡುವ ‘ಪಯಟಿಸಂ’ ಎಂಬ ಭಕ್ತಿಪಂಥದಲ್ಲಿ ಬೆಳೆದವರು. ಅವರ ಬೋಧನೆ ಕೇಳಿ ದೀಕ್ಷಾಸ್ನಾನ ಪಡೆದವರಿಗೆ ಎದುರಾದದ್ದು ಮೊದಲು ಹೊಟ್ಟೆಯ ಪ್ರಶ್ನೆ. ಅಳಿಯಸಂತಾನದ ಕುಟುಂಬಗಳಿಂದ ಬಂದವರು ಮನೆಯ ಆಸರೆಯನ್ನು ಕಳೆದುಕೊಂಡರು. ಶೇಂದಿ ಇಳಿಸುವ ಕುಲಕಸುಬಿನವರಿಗೆ ಆ ಕಸುಬನ್ನು ಬಿಡಬೇಕೆಂಬ ಸಭೆಯ ಕಟ್ಟಳೆಯೇ ಅಡ್ಡ ಬಂತು. ಆಗ ಮಿಷನ್ ಹಲವು ಕಸುಬುಗಳನ್ನು ಪ್ರಯತ್ನಿಸಿ ನೇಯ್ಗೆಯಲ್ಲೂ ಹಂಚಿನಲ್ಲೂ ನೆಲೆ ಕಂಡಿತು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ.

ಆ ಹಂಚನ್ನು ಕೈಗೆತ್ತಿಕೊಂಡು ನೋಡುವುದು ಒಳ್ಳೆಯದು. ಅದರ ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಮೊಳೆಯಂಥ ಉಬ್ಬುಗಳಿವೆ. ಅಂಚುಗಳಲ್ಲಿ ಪಕ್ಕದ ಹಂಚನ್ನು ಹಿಡಿದುಕೊಳ್ಳುವ ತೋಡುಗಳಿವೆ. ಆಟಿ ತಿಂಗಳ ಗಾಳಿಮಳೆಗೆ ಒಂದನ್ನು ಇನ್ನೊಂದು ಬಿಡುವುದಿಲ್ಲ. ಮುಳಿಹುಲ್ಲಿನ ಮಾಡಿಗೆ ವರ್ಷ ವರ್ಷವೂ ಹುಲ್ಲು ಹೊದಿಸಬೇಕಿದ್ದ ಊರುಗಳಲ್ಲಿ ತಲೆಮಾರುಗಳ ಕಾಲ ಬಾಳುವ ಮಾಡು ಬಂತು. ದೇವಸ್ಥಾನ, ಮಸೀದಿ, ಇಗರ್ಜಿ, ಗುತ್ತಿನ ಮನೆ, ರೈಲು ನಿಲ್ದಾಣ ಎಲ್ಲದರ ಮೇಲೂ ಮಂಗಳೂರು ಹಂಚು ಏರಿತು. ಹಂಚಿನ ಮೇಲೆ ತಯಾರಕರ ಹೆಸರು ಅಚ್ಚಾಗಿತ್ತೇ ಹೊರತು ಬೈಬಲಿನ ವಾಕ್ಯವಲ್ಲ. ಮಣ್ಣು ಸರಿಯಾಗಿ ಹದಗೊಂಡು, ಆವಿಗೆಯಲ್ಲಿ ಸರಿಯಾಗಿ ಬೆಂದು, ಸೋರದೆ ನಿಂತದ್ದೇ ಅದರ ಪ್ರಾಮಾಣಿಕತೆ.

ಆದರೆ ಇದೇ ಕಾರ್ಖಾನೆ ಒಂದು ಕಠಿಣ ಪ್ರಶ್ನೆಯನ್ನೂ ಎತ್ತುತ್ತದೆ. ದೀಕ್ಷಾಸ್ನಾನ ಕೊಡುವ ಕೈಯೂ ಕೂಲಿ ಕೊಡುವ ಕೈಯೂ ಒಂದೇ ಆದಾಗ, ಬಂದವನು ಕ್ರಿಸ್ತನನ್ನು ಅರಸಿ ಬಂದನೋ ಕೆಲಸವನ್ನು ಅರಸಿ ಬಂದನೋ ಎಂಬ ಸಂಶಯ ಹುಟ್ಟದೆ ಇರುವುದಿಲ್ಲ. ಈ ಸಂಶಯ ವಿರೋಧಿಗಳಷ್ಟೇ ಕಟ್ಟಿದ್ದಲ್ಲ. ಮಿಷನರಿಗಳನ್ನೂ ಅದು ಕಾಡಿತು. ಕೆಲಸ ಕೊಟ್ಟದ್ದು ತಪ್ಪೆಂದು ಹೇಳಲು ಬರುವುದಿಲ್ಲ, ಏಕೆಂದರೆ ಬೀದಿಪಾಲಾದವರನ್ನು ಕೈಬಿಡುವುದು ಅದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು. ‘ದಿಯಾಕೊನಿಯಾ’ ಎಂಬ ಗ್ರೀಕ್ ಪದಕ್ಕೆ ಸೇವೆ ಎಂದರ್ಥ. ಊಟಕ್ಕೆ ಕುಳಿತವರಿಗೆ ಬಡಿಸುವುದು ಅದರ ಮೊದಲ ಬಳಕೆಗಳಲ್ಲಿ ಒಂದು. ಬಡಿಸುವವನು ಪಂಕ್ತಿಯಲ್ಲಿ ಕುಳಿತವನ ನಂಬಿಕೆಯನ್ನು ವಿಚಾರಿಸಿ ಅನ್ನ ಹಾಕತೊಡಗಿದರೆ ಅದು ಬಡಿಸುವುದಾಗದೆ ವ್ಯಾಪಾರವಾಗುತ್ತದೆ. ಲೂಕನ ಸುವಾರ್ತೆಯ ಸಾಮ್ಯದಲ್ಲಿ ಬರುವ ಸಮಾರ್ಯದವನು ಗಾಯಗೊಂಡವನಿಗೆ ಎಣ್ಣೆ ಹಚ್ಚಿ, ಛತ್ರಕ್ಕೆ ಸೇರಿಸಿ, ಖರ್ಚು ಕೊಟ್ಟು ಹೊರಟುಹೋಗುತ್ತಾನೆ. ಅವನು ಆ ದಾರಿಯಲ್ಲಿ ಮಾಡಿದ ಬೋಧನೆ ಎಂದು ಒಂದು ಮಾತೂ ಕತೆಯಲ್ಲಿ ಇಲ್ಲ. ಯಾರೊಬ್ಬರೂ ಸಭೆಗೆ ಸೇರದಿದ್ದರೂ ಈ ಆಸ್ಪತ್ರೆ, ಈ ಶಾಲೆ, ಈ ಗಂಜಿಕೇಂದ್ರ ನಡೆಯುತ್ತದೆಯೇ ಎಂದು ಕೇಳಿಕೊಂಡಾಗ ‘ಹೌದು’ ಎಂಬ ಉತ್ತರ ಬರುವ ಕಡೆ ಮಾತ್ರ ಸೇವೆ ಸಾಕ್ಷಿಯಾಗಿರುತ್ತದೆ.

ಬಾಸೆಲ್ ಮಿಷನ್ನಿನ ಭಾಷಾಕಾರ್ಯ ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುತ್ತದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹೆರ್ಮನ್ ಮೊಗ್ಲಿಂಗ್, ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದ. ಅನ್ಯಧರ್ಮದ ಭಕ್ತಿಗ್ರಂಥಗಳನ್ನು ಅಚ್ಚುಮಾಡುವುದು ಸುವಾರ್ತೆಯ ಕೆಲಸ ಹೇಗಾಗುತ್ತದೆ ಎಂದು ಕೇಳಬಹುದು. ನೆರೆಯವನಿಗೆ ಹೇಳುವ ಮುನ್ನ ಅವನ ಮಾತನ್ನು ಕೇಳಿಸಿಕೊಳ್ಳಬೇಕು ಎಂಬುದೇ ಅದಕ್ಕೆ ಉತ್ತರ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಆರಂಭದಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ ಬರೆದ, ಮುಂದೆ ನಾಗವರ್ಮನ ಛಂದಸ್ಸನ್ನೂ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಸಂಪಾದಿಸಿದ, ದಶಕಗಳ ಕಾಲ ಕಣ್ಣು ಸವೆಸಿ ದುಡಿದ ಮೇಲೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಹೊರಬಂತು. ಈ ನಿಘಂಟನ್ನು ತೆರೆಯುವ ವಿದ್ವಾಂಸರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಆಗಬೇಕೆಂದು ಅದು ಕೇಳುವುದೂ ಇಲ್ಲ. ಆದರೂ ಪಾದ್ರಿಯೊಬ್ಬ ಪರರ ಭಾಷೆಯ ಒಂದೊಂದು ಪದವನ್ನೂ ಅಷ್ಟು ಮಮತೆಯಿಂದ ಏಕೆ ಹೆಕ್ಕಿದ ಎಂಬ ಪ್ರಶ್ನೆ ಅದರ ಪುಟಗಳಿಂದ ಏಳುತ್ತದೆ. ಪೇತ್ರನ ಪತ್ರಿಕೆ ಹೇಳುವ ಪ್ರಶ್ನೆ ಇಂಥದ್ದೇ.

ಸಾಕ್ಷಿಯ ಎರಡನೆಯ ಎಲ್ಲೆ, ಅಂದರೆ ತೀರ್ಪು ಕೇಳುಗನದು ಎಂಬ ತತ್ವ, ಇಂದಿನ ಭಾರತದಲ್ಲಿ ಕಾನೂನಿನ ಮಾತೂ ಹೌದು. ಸಂವಿಧಾನದ 25ನೆಯ ಅನುಚ್ಛೇದ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಪ್ರಚಾರ ಎಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಈ ತೀರ್ಪನ್ನು ಒಪ್ಪದ ನ್ಯಾಯವಿದರೂ ಇದ್ದಾರೆ. ಆ ಚರ್ಚೆ ಏನೇ ಇರಲಿ, ಮನಸ್ಸನ್ನು ತಿರುಗಿಸುವುದು ಮನುಷ್ಯನ ಕೆಲಸವಲ್ಲ, ಪವಿತ್ರಾತ್ಮನದು ಎಂಬುದು ಸಭೆಯ ಸ್ವಂತ ಬೋಧನೆಯೇ ಆಗಿದೆ. ಕೇಳುಗನ ಒಳಗೂ ಒಂದು ಸಾಕ್ಷಿ ಇದೆ. ಅದನ್ನು ಕನ್ನಡ ಮನಸ್ಸಾಕ್ಷಿ ಎಂದೇ ಕರೆದಿದೆ. ಹೊರಗಿನ ಸಾಕ್ಷಿ ಒಳಗಿನ ಸಾಕ್ಷಿಯನ್ನು ಎಬ್ಬಿಸಬಹುದಷ್ಟೆ, ಅದರ ಬಾಯಿ ಮುಚ್ಚಿಸುವಂತಿಲ್ಲ. ಹಾಗೆಯೇ, ಸ್ವಇಚ್ಛೆಯಿಂದ ಕ್ರಿಸ್ತನನ್ನು ಒಪ್ಪಿದವನ ಮನಸ್ಸಾಕ್ಷಿಯನ್ನು ಸಮಾಜವೋ ಸರ್ಕಾರವೋ ಬಲದಿಂದ ಹಿಡಿದು ನಿಲ್ಲಿಸುವುದೂ ಅನ್ಯಾಯವೇ.

ಮನೆಯ ಮಟ್ಟದಲ್ಲಿ ಈ ಹಂಚಿಕೆ ಸದ್ದಿಲ್ಲದೆ ನಡೆದು ಬಂದಿದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕರಾವಳಿಯ ಕಥೋಲಿಕರು ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಕ್ರಿಸ್ಮಸ್ಸಿಗೆ ಮಾಡಿದ ಕುಸ್ವಾರ್ ತಿಂಡಿಯ ತಟ್ಟೆ ಬಟ್ಟೆ ಮುಚ್ಚಿಕೊಂಡು ನೆರೆಮನೆಗೆ ಹೋಗುತ್ತದೆ, ದೀಪಾವಳಿಗೋ ಈದಿಗೋ ಆ ಮನೆಯ ತಿಂಡಿ ಇಲ್ಲಿಗೆ ಬರುತ್ತದೆ. ಹಬ್ಬ ಯಾಕೆ ಎಂದು ನೆರೆಮನೆಯ ಮಗು ಕೇಳಿದರೆ ಹೇಳಲು ಒಂದು ಕತೆ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಕ್ರೈಸ್ತ ಸಾಕ್ಷಿಗೆ ಅತಿ ದೊಡ್ಡ ಅಡ್ಡಿ ಹೊರಗಿನ ವಿರೋಧವಲ್ಲ ಎಂಬುದನ್ನು ಒಪ್ಪಲೇಬೇಕು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು, ಬಡವರು ಹಸಿದು ಕುಳಿತಿದ್ದಾಗ, ಅದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಖಂಡಿಸಿದ. ಜಾತಿಯನ್ನು ಬಾಗಿಲಿನ ಹೊರಗೆ ಬಿಡದ ಸಭೆಗಳು, ದಲಿತ ಕ್ರೈಸ್ತರನ್ನು ಸ್ಮಶಾನದಲ್ಲೂ ಬೇರೆಯಿಟ್ಟ ಊರುಗಳು ಈ ದೇಶದಲ್ಲಿ ಇವೆ. ಕ್ರಿಸ್ತನ ಹೆಸರು ಹೊತ್ತ ಸಂಸ್ಥೆಗಳಲ್ಲೂ ಆಯಾ, ಕಾವಲುಗಾರ, ತಾತ್ಕಾಲಿಕ ಶಿಕ್ಷಕಿಯರಿಗೆ ಸಲ್ಲಬೇಕಾದ ಸಂಬಳ ಸಲ್ಲದಿರುವುದುಂಟು. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂಬ ಯಾಕೋಬನ ಪತ್ರಿಕೆಯ ಎಚ್ಚರಿಕೆ ಮೊದಲು ಅನ್ವಯಿಸುವುದು ಆ ಪತ್ರಿಕೆಯನ್ನು ಓದುವವರಿಗೇ. ಸುವಾರ್ತಾ ಕೂಟಕ್ಕೆ ಚಪ್ಪರ ಹಾಕಿಸುವ ಪ್ರತಿಯೊಂದು ಸಭೆಯೂ, ಚಪ್ಪರದ ಕಂಬ ನೆಡುವ ಮುನ್ನ, ತನ್ನ ಸಂಸ್ಥೆಗಳ ಸಂಬಳದ ಪುಸ್ತಕವನ್ನೂ ಸ್ಮಶಾನದ ಗೋಡೆಯನ್ನೂ ಹೋಗಿ ನೋಡಿ ಬರಲಿ.